ದಂಡೆ ಪಕ್ಷ, ದೋಣಿ ಪಕ್ಷ

ಉಪ್ಪುಂದದ ಕಡಲ ಬದಿಯಲ್ಲಿ ಆ ವರ್ಷ ಎರಡು ಪಕ್ಷಗಳಾದವು. ಚುನಾವಣೆಯ ಪಕ್ಷಗಳಲ್ಲ, ಚುನಾವಣೆಗೆ ಅಷ್ಟು ಗಂಟಲು ಹರಿದುಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಒಂದು ದಂಡೆ ಪಕ್ಷ, ಇನ್ನೊಂದು ದೋಣಿ ಪಕ್ಷ. ಇಷ್ಟಕ್ಕೆಲ್ಲ ಕಾರಣ ಚಂದ್ರ ತಾಂಡೇಲರ ಮಗಳು ರಮಿತಾ.

ರಮಿತಾ ನಾಲ್ಕು ವರ್ಷ ಮುರ್ಡೇಶ್ವರದ ಕಡೆ ಪ್ರವಾಸಿಗರ ಬೆನ್ನಿಗೆ ಸಿಲಿಂಡರ್ ಕಟ್ಟಿ, ಕಡಲಿನ ಅಡಿಗೆ ಕರೆದುಕೊಂಡು ಹೋಗಿ ಮೀನು ತೋರಿಸುವ ಕೆಲಸ ಮಾಡಿದವಳು. "ಮೀನ್ ಕಾಂಬುಕೆ ಕಡ್ಲಡಿಗೆ ಹೋಯ್ಕಾ? ಪೇಟಿಗೆ ಹೋರೆ ಸಾಲ್ದಾ?" ಎಂದು ಊರಿನವರು ನಕ್ಕದ್ದುಂಟು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಈ ಸಲ ಮಳೆಗಾಲ ಮುಗಿದದ್ದೇ ಆ ಕೆಲಸ ಬಿಟ್ಟು ಬಂದಳು. ಬಲೆ ಇಡುತ್ತಿದ್ದ ಕೋಣೆಯನ್ನು ತೊಳೆದು, ಅಲ್ಲಿ ಆರು ಸಿಲಿಂಡರು, ರಬ್ಬರಿನ ಅಂಗಿ, ನೀರಿನ ಕನ್ನಡಕ ಎಲ್ಲ ಸಾಲಾಗಿ ಜೋಡಿಸಿ, ಇನ್ನು ತನ್ನದೇ ಡೈವಿಂಗ್ ಎಂದಳು. ಉಳಿದದ್ದು ಒಂದೇ ಪ್ರಶ್ನೆ. ಬಂದವರನ್ನು ನೀರಿಗೆ ಇಳಿಸುವುದು ಎಲ್ಲಿಂದ?

ಮನೆಯೆದುರಿನ ಮರಳಿನಿಂದಲೇ ನಡೆದು ಇಳಿದರೆ ಸ್ವಲ್ಪ ದೂರದಲ್ಲಿ ಹಳೆಕಲ್ಲು ಎಂಬ ಬಂಡೆಗಳ ಸಾಲಿದೆ. ಕಾಲಿಗೆ ನೆಲ ಸಿಗುತ್ತಾ ಸಿಗುತ್ತಾ ನಿಧಾನಕ್ಕೆ ಆಳವಾಗುವ ಜಾಗ. ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಆನೆಕಲ್ಲು. ಅಲ್ಲಿ ನೀರು ತಿಳಿ, ಮೀನು ದೊಡ್ಡದು. ಸೆಳೆತವೂ ದೊಡ್ಡದೇ, ಕಾಲಿಗೆ ಏನೂ ಸಿಗುವುದಿಲ್ಲ.

ದಂಡೆ ಪಕ್ಷದ ನಾಯಕಿ ಚಾ ಅಂಗಡಿಯ ಜಲಜ. ಜನ ದಂಡೆಯಲ್ಲೇ ಇಳಿದು ದಂಡೆಯಲ್ಲೇ ಹತ್ತಿದರೆ ಚಳಿಗೆ ನಡುಗುತ್ತಾ ನೆಟ್ಟಗೆ ತನ್ನ ಅಂಗಡಿಗೇ ಬರುತ್ತಾರೆ ಎಂಬುದು ಅವಳ ಆಸೆ. ದೋಣಿ ಪಕ್ಷದಲ್ಲಿ ಲೀಲಾಧರ. ಅವನು ಹಂಗಾರಕಟ್ಟೆಯಲ್ಲಿ ಹೊಸ ನಾಡದೋಣಿ ಕಟ್ಟಿಸಿ ತಂದಿದ್ದ. ಅದನ್ನು ನಾಲ್ಕು ಜನ ಹತ್ತಿ ನೋಡಲಿ ಎಂಬ ಚಪಲ. ಆದರೆ ದೋಣಿ ಪಕ್ಷಕ್ಕೆ ನಿಜವಾದ ಬಲ ಬಂದದ್ದು ಚಂದ್ರ ತಾಂಡೇಲರಿಂದ. ತಾಂಡೇಲ ಎಂದರೆ ದೋಣಿ ನಡೆಸುವವನು. ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಎಲ್ಲ ಅವನ ಬಾಯಿಂದಲೇ ಬರಬೇಕು. ಮೂವತ್ತೈದು ವರ್ಷ ಹಾಗೆ ಬಾಯಿ ನಡೆಸಿದವರಿಗೆ ಚಾ ಅಂಗಡಿಯ ಬೆಂಚೂ ಒಂದು ದೋಣಿಯೇ.

"ಕಡ್ಲ್ ಅಂದ್ರೆ ದೋಣಿ," ಎಂದರು ತಾಂಡೇಲರು. "ದಂಡಿಂದ ಇಳುದ್ ಕಾಲ್ ತೊಳುಕೆ. ನನ್ ಮಗ್ಳ್ ಹತ್ರ ಬಪ್ಪರ್ ಕಾಲ್ ತೊಳುಕೆ ಬತ್ರಾ?"

"ದಂಡಿಯಾರೆ ಬಿದ್ರೂ ಎದ್ಕಂಬುಕೆ ಆತ್ತ್, ತಾಂಡೇಲ್ರೆ," ಎಂದಳು ಜಲಜ.

"ಹೆದ್ರುವರಿಗೆ ದಂಡಿ, ಜಲಜಕ್ಕ. ಗಂಡಸ್ರಿಗೆ ದೋಣಿ!"

ಬೆಂಚಿನವರೆಲ್ಲ ಹೋ ಎಂದರು. ಲೀಲಾಧರ ಇನ್ನೊಂದು ಚಾ ಹೇಳಿದ. ಆದರೆ ಆ ಮಾತನ್ನು ತಾಂಡೇಲರು ಆಡಬಾರದಿತ್ತು. ಯಾಕೆಂದರೆ ಚಂದ್ರ ತಾಂಡೇಲರಿಗೆ ಈಜು ಬರುತ್ತಿರಲಿಲ್ಲ.

ಒಂದು ಕೈ ಬೀಸಲೂ ಬರುತ್ತಿರಲಿಲ್ಲ. ಅರವತ್ತೊಂದು ವರ್ಷ ಕಡಲಿನ ಮೇಲೆ, ಕಡಲಿನ ಬದಿಗೆ ಬದುಕಿದ ಮನುಷ್ಯ ಸೊಂಟದ ಮೇಲೆ ನೀರು ಬಂದರೆ ಬೆವರುತ್ತಿದ್ದರು. ಅದು ಗೊತ್ತಿದ್ದದ್ದು ಅವರಿಗೆ ಮತ್ತು ಹೆಂಡತಿ ಬೇಬಿಗೆ ಮಾತ್ರ. ಊರಿಗೆ ಗೊತ್ತಿದ್ದದ್ದು ಬೇರೆಯೇ ಕತೆ.

ಮೂವತ್ತು ವರ್ಷದ ಹಿಂದೆ ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಲ್ಲಿ, ತೆರೆಯೊಂದು ಅವರ ಸಣ್ಣ ದೋಣಿಯನ್ನು ಮಗುಚಿ ಹಾಕಿತ್ತು. ದೋಣಿಯಲ್ಲಿದ್ದದ್ದು ಅವರೊಬ್ಬರೇ. ಕೈಗೆ ಸಿಕ್ಕಿದ್ದು ಸೀಮೆಎಣ್ಣೆಯ ಖಾಲಿ ಕ್ಯಾನು. ಅದನ್ನು ಎದೆಗೆ ಅವುಚಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾ, ನೀರು ಒಯ್ದ ಕಡೆಗೆ ಹೋಗಿ ಕೋಡಿ ಎಂಬಲ್ಲಿ ದಂಡೆಯ ಹತ್ತಿರ ಬಂದರು. ಕಾಲಿಗೆ ನೆಲ ಸಿಕ್ಕಿದ್ದೇ ಕ್ಯಾನು ಬಿಟ್ಟರು, ಅದು ತನ್ನ ಪಾಡಿಗೆ ತೇಲಿ ಹೋಯಿತು. ದಂಡೆಯಲ್ಲಿದ್ದವರು ಕಂಡದ್ದು ಕಡಲಿನೊಳಗಿಂದ ಎದ್ದು ನಡೆದು ಬರುವ ಒಬ್ಬ ಗಂಡಸನ್ನು ಮಾತ್ರ. "ಈಜ್ಕಂಡೇ ಬಂದ್ಯಾ ಮಾರಾಯ?" ಎಂದು ಕೇಳಿದರು. ಚಂದ್ರರಿಗೆ ಮಾತಾಡಲು ಉಸಿರಿರಲಿಲ್ಲ. ತಲೆ ಆಡಿಸಿದರು. ಇಲ್ಲ ಎಂದೇ ಆಡಿಸಿದ್ದು. ಆದರೆ ನಮ್ಮ ಕಡೆಯ ತಲೆಯಾಡಿಕೆ ಗೊತ್ತಲ್ಲ, ಇಲ್ಲ ಎಂದದ್ದು ಹೌದು ಎಂದೇ ಕಾಣುತ್ತದೆ. ಸಂಜೆಯೊಳಗೆ ಸುದ್ದಿ ಬೈಂದೂರು ಮುಟ್ಟಿತು. ಆ ವಾರ ಅವರು ಒಂದು ಮೈಲಿ ಈಜಿದ್ದರು, ವರ್ಷ ತುಂಬುವಾಗ ನಾಲ್ಕು ಮೈಲಿ. ಜೊತೆಗೆ ಬಿರುಗಾಳಿಯೂ ಸೇರಿಕೊಂಡಿತು.

ತಾಂಡೇಲರು ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ತೆಗೆಯಲೂ ಇಲ್ಲ. ಜನ ಹೇಳುವಾಗ ಮೀಸೆ ಸವರಿಕೊಂಡು ಕಡಲಿನ ಕಡೆ ನೋಡುತ್ತಿದ್ದರು, ಅಷ್ಟೇ. ಬಾಯಿಬಿಟ್ಟು ಸುಳ್ಳು ಹೇಳಿದ್ದು ಒಂದೇ ಒಂದು ಸಲ. ಏಳು ವರ್ಷದ ರಮಿತಾ ಶಾಲೆಯಿಂದ ಓಡಿ ಬಂದು, "ಅಪ್ಪಯ್ಯ, ನೀವ್ ಅಳಿವಿ ಈಜ್ಕಂಡ್ ಬಂದದ್ದ್ ಹೌದಾ?" ಎಂದು ಕೇಳಿದಾಗ, ಆ ಮುಖ ನೋಡಿ, "ಹೌದ್ ಮಗಾ" ಎಂದುಬಿಟ್ಟರು. ಮಗಳು ಅದನ್ನೇ ಪ್ರಬಂಧ ಬರೆದು ಬಹುಮಾನ ತಂದಳು. ಮರುವರ್ಷ ದೇವಸ್ಥಾನದ ಕೆರೆಗೆ ಹಾರಿ ಈಜು ಕಲಿತಳು. ಆಮೇಲೆ ಹೊಳೆ, ಆಮೇಲೆ ಕಡಲು, ಕೊನೆಗೆ ಕಡಲಿನ ಅಡಿಯೂ ಆಯಿತು. ಯಾರಾದರೂ ಹೊಗಳಿದರೆ ಅವಳದು ಒಂದೇ ಉತ್ತರ: "ಅಪ್ಪಯ್ಯನ ಮಗ್ಳಲ್ದಾ?"

ಹೀಗಿರುವಾಗ ಒಂದು ಗುರುವಾರ ಜಗಲಿಯಲ್ಲಿ ರಮಿತಾ ಪಕ್ಷಗಳ ಜಗಳಕ್ಕೆ ತೀರ್ಪು ಕೊಟ್ಟಳು.

"ಎರಡೂ ಇರ್ಲಿ. ಈಜ್ ಬಪ್ಪರಿಗೆ ದೋಣಿ, ಬಾರ್ದಿದ್ದರಿಗೆ ದಂಡಿ. ಆನೆಕಲ್ಲಂಗೆ ಸೆಳ್ತ ಇತ್ತ್, ಅಲ್ಲಿ ಈಜ್ ಬಾರ್ದಿದ್ದರನ್ನ ನಾನ್ ಇಳ್ಸುದಿಲ್ಲೆ. ಈ ಆಯ್ತವಾರವೇ ಶುರು. ಮೊದ್ಲ್ ಗೆಸ್ಟ್ ಅಪ್ಪಯ್ಯ. ಲೀಲಣ್ಣನ ದೋಣಿಯಂಗೆ ಆನೆಕಲ್ಲಿಗೆ!"

ಅವಳ ಕೈಯಲ್ಲಿ ಒಂದು ಅಚ್ಚು ಹಾಕಿಸಿದ ಕಾಗದವಿತ್ತು. ಹೆಸರು, ವಯಸ್ಸು, ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ ಎಂದೆಲ್ಲ ಒಂದೊಂದೇ ಕೇಳಿ ತುಂಬಿಸಿದಳು. 'ಈಜು ಬರುತ್ತದೆಯೇ' ಎಂಬ ಸಾಲಿಗೆ ಬಂದಾಗ ಕೇಳಲೇ ಇಲ್ಲ. ನಕ್ಕು, ಹೌದು ಎಂಬಲ್ಲಿ ತಾನೇ ಗುರುತು ಹಾಕಿದಳು.

"ಇದನ್ನ ನಿಮ್ ಹತ್ರ ಕೇಂಡ್ರೆ ಜನ ನಗಾಡ್ತ್ರ್."

ಬೇಬಿ ಒಳಗಿನಿಂದ ಗಂಡನ ಮುಖವನ್ನೇ ನೋಡುತ್ತಿದ್ದಳು. ತಾಂಡೇಲರು ಮೀಸೆ ಸವರಿಕೊಂಡರು. ಆಮೇಲೆ ರಮಿತಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ದೋಣಿಯಿಂದ ನೀರಿಗೆ ಇಳಿಯುವ ಬಗೆ. ಒಬ್ಬ ಮನುಷ್ಯ ಸಿಲಿಂಡರ್ ಹೊತ್ತು ದೋಣಿಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿ ಕೂತಿದ್ದ. ಯಾರೋ ಮೂರು ಎಣಿಸಿದರು. ಅವನು ಹಾಗೇ ಹಿಂದಕ್ಕೆ ಮಗುಚಿಕೊಂಡು ನೀರಿಗೆ ಬಿದ್ದ.

"ಬೇಕಂತೇ ಬಿದ್ದದ್ದಾ?" ಎಂದು ಕೇಳಿದರು ತಾಂಡೇಲರು.

"ಹೌದ್. ಹಾಂಗೇ ಇಳುದ್."

ದೋಣಿಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿ ಕೂತವರ ತಲೆಗೆ ಮೂವತ್ತೈದು ವರ್ಷ ಮೊಟಕುತ್ತಾ ಬಂದವರು ತಾಂಡೇಲರು. ಅವರಿಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ಚಾ ಅಂಗಡಿಯಲ್ಲಿ ಅವರ ಮಾತಿನ ಧಾಟಿ ಬದಲಾಯಿತು. ಆನೆಕಲ್ಲಿನ ಹತ್ತಿರ ಈ ತಿಂಗಳು ನೀರು ಅಷ್ಟು ಸರಿ ಇಲ್ಲ ಎಂದರು. ಹೊಸ ದೋಣಿಗೆ ಸುಮ್ಮನೆ ಯಾಕೆ ತೊಂದರೆ ಎಂದರು. ಹಳೆಕಲ್ಲಿನಲ್ಲೂ ನೋಡುವಂಥದ್ದು ಬೇಕಾದಷ್ಟಿದೆ ಎಂದರು. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹ್ವಾಯ್ ತಾಂಡೇಲ್ರೆ," ಎಂದ ಲೀಲಾಧರ, "ನೀವ್ ಈಗಳ್ ಯಾವ್ ಪಕ್ಷ? ಒಂದ್ ಸಲ ಸಮ ಹೇಳಿ ಕಾಂಬ."

"ಪಕ್ಷ ಬಿಟ್ಟರಿಗೆ ನನ್ ಅಂಗ್ಡಿಯಂಗೆ ಚಾ ಇಲ್ಲೆ," ಎಂದಳು ಜಲಜ.

ಬಂದ ದಾರಿಗೆ ಸುಂಕವಿಲ್ಲದೆ ತಾಂಡೇಲರು ಮನೆಗೆ ಹೋದರು. ಶನಿವಾರ ಮಧ್ಯಾಹ್ನ ಬಚ್ಚಲಿನಿಂದ ಬುಳುಬುಳು ಸದ್ದು ಕೇಳಿ ಬೇಬಿ ಹೋಗಿ ನೋಡಿದರೆ ಗಂಡ ನೀರಿನ ಹಂಡೆಯೊಳಗೆ ತಲೆ ಹಾಕಿ ನಿಂತಿದ್ದರು.

"ಎಂತ ಮಾಡ್ತ್ರಿ ಅಲ್ಲಿ?"

ತಾಂಡೇಲರು ತಲೆ ಎತ್ತಿದರು. ಮೀಸೆಯಿಂದ ನೀರು ಇಳಿಯುತ್ತಿತ್ತು. "ಉಸ್ರ್ ಹಿಡುದ್ ಕಲೀತಾ ಇದ್ದೆ."

ಬೇಬಿ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. ಆಮೇಲೆ ತಲೆ ಒರೆಸಲು ಬೈರಾಸು ಕೊಟ್ಟು, ಜಗಲಿಯಲ್ಲಿ ಕೂರಿಸಿ, ಬ್ರಹ್ಮಾವರದ ಸಂತೆಗೆಂದು ಒಣಮೀನು ಕಟ್ಟುತ್ತಾ ಮೆಲ್ಲಗೆ ಹೇಳಿದಳು. "ಹೇಳಿ ಬಿಡಿ ಮಾರಾಯ್ರೆ. ನಮ್ಮ್ ಹೆಣ್ಣೇ ಅಲ್ದಾ? ದಂಡಿಯಂಗೆ ಇಳಿನಿ. ಕೈ ಹಿಡ್ಕಂಡ್ ಕರ್ಕಂಡ್ ಹೋತ್ತ್."

"ದಂಡಿ ಅಂದ್ರೆ ಈಜ್ ಬತ್ತಿಲ್ಲೆ ಅಂದಾಂಗೇ ಆಯ್ತಲೆ. ಅದ್ ನನ್ನ್ ಕಂಡ್ ಈಜ್ ಕಲ್ತದ್ದ್, ಬೇಬಿ. ಊರ್ ನಗಾಡ್ರೆ ನಗಾಡ್ಲಿ. ಅದರ ಕಣ್ಣಂಗೆ ನಾನ್ ಸಣ್ಣ ಆಪುದ್ ನಂಗೆ ಆತಿಲ್ಲೆ."

ಮೂವತ್ತು ವರ್ಷ ಗುಟ್ಟು ಕಾಯ್ದವಳು ಬೇಬಿ. ಇನ್ನೊಂದು ದಿನ ಕಾಯುವುದು ಅವಳಿಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಗಂಡ ಒದ್ದೆ ಮೀಸೆಯಲ್ಲೇ ಎದ್ದು ಮತ್ತೆ ಹಂಡೆಯ ಕಡೆ ಹೋಗುವುದನ್ನು ನೋಡುವುದು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ದಂಡೆಯ ತುಂಬ ಜನ. ಕಡಲು ಹಾಸಿದ ಹಾಗಿತ್ತು. ಗಾಳಿಯ ಸುಳಿವಿಲ್ಲ, ಒಂದು ನೆಪಕ್ಕೂ ಜಾಗವಿಲ್ಲ. ದೇವರು ಬೇಕೆಂದೇ ಮಾಡಿದ್ದಾನೆ ಅನ್ನಿಸಿತು ತಾಂಡೇಲರಿಗೆ. ರಬ್ಬರಿನ ಅಂಗಿಯೊಳಗೆ ಹೊಟ್ಟೆ ತೂರಿಸಲು ಇಬ್ಬರು ಎಳೆಯಬೇಕಾಯಿತು. ಜಲಜ ಅಂಗಡಿ ಬಿಟ್ಟು ಬಂದು, "ತಾಂಡೇಲ್ರೆ, ಲಾಯ್ಕ್ ಕಾಣ್ತ್ರಿ, ಒಂದ್ ಫೋಟೋ!" ಎಂದಳು. ಅವರು ದೋಣಿ ಹತ್ತಿ ರೂಢಿಯಂತೆ ಇಂಜಿನ್ನಿನ ಹತ್ತಿರ ಹೋಗಿ ನಿಂತರು. ರಮಿತಾ ತೋಳು ಹಿಡಿದು ನಡುವಿನ ಹಲಗೆಯ ಮೇಲೆ ಕೂರಿಸಿದಳು.

"ಅಲ್ಲಲ್ಲ ಅಪ್ಪಯ್ಯ. ಇವತ್ತ್ ತಾಂಡೇಲ ನಾನ್. ನೀವ್ ಗೆಸ್ಟ್."

ಎಲ್ಲರೂ ನಕ್ಕರು, ತಾಂಡೇಲರೂ ನಕ್ಕರು. ಮಗಳು ಲೀಲಾಧರನಿಗೆ ದಿಕ್ಕು ಹೇಳುವುದನ್ನು, ನೀರಿನ ಬಣ್ಣ ನೋಡಿ ದೋಣಿಯನ್ನು ಎಡಕ್ಕೆ ತಿರುಗಿಸು ಎನ್ನುವುದನ್ನು ಕೇಳುತ್ತಾ ಕೂತರು. ಸರಿಯಾಗಿ ಹೇಳುತ್ತಿದ್ದಳು. ತಾನಾಗಿದ್ದರೂ ಅಲ್ಲೇ ತಿರುಗಿಸುತ್ತಿದ್ದೆ ಅನ್ನಿಸಿ, ಆ ಹೆದರಿಕೆಯ ನಡುವೆಯೂ ಎದೆ ಉಬ್ಬಿತು.

ಆನೆಕಲ್ಲಿನ ಹತ್ತಿರ ಲಂಗರು ಬಿಟ್ಟರು. ಕೆಳಗೆ ನೀರು ಹಸಿರಾಗಿ ತುಂಬಾ ಆಳಕ್ಕೆ ಹೋಗಿತ್ತು. ರಮಿತಾ ಅಪ್ಪನ ಬೆನ್ನಿಗೆ ಸಿಲಿಂಡರ್ ಕಟ್ಟಿದಳು, ಪಟ್ಟಿಗಳನ್ನು ಬಿಗಿದಳು, ದೋಣಿಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿಸಿ ಕೂರಿಸಿದಳು. ತಾಂಡೇಲರ ಎರಡು ಕೈಗಳೂ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡವು. ಅವಳು ಎದುರಿಗೆ ಮಂಡಿಯೂರಿ, ಯಾವ ಅತಿಥಿಯನ್ನಾದರೂ ಕೇಳುವ ಹಾಗೆ ಗಂಭೀರವಾಗಿ ಕೇಳಿದಳು.

"ಕಡೇ ಪ್ರಶ್ನೆ. ಕಿವಿ ನೋವು, ಎದಿ ನೋವು, ನಂಗೆ ಹೇಳ್ದೆ ಇಪ್ಪುದ್ ಎಂತಾರೂ ಇತ್ತಾ?"

ದೋಣಿಯವರಿಗೆ ಒಂದು ಕಟ್ಟುಪಾಡಿದೆ. ನೆಲದ ಮೇಲೆ ಎಷ್ಟು ಬೇಕಾದರೂ ಬುರುಡೆ ಬಿಡಬಹುದು, ಹೆಂಡತಿಗೆ, ಭಾವನಿಗೆ, ಯಾರಿಗಾದರೂ. ದೋಣಿಯಲ್ಲಿ ತಾಂಡೇಲನಿಗೆ ಸುಳ್ಳು ಹೇಳುವಂತಿಲ್ಲ. ಮೈಯಲ್ಲಿ ಜ್ವರವಿದ್ದರೆ ಹೇಳಬೇಕು, ಹಗ್ಗ ಸವೆದಿದ್ದರೆ ಹೇಳಬೇಕು. ಯಾಕೆಂದರೆ ತಾಂಡೇಲ ಲೆಕ್ಕ ಹಾಕುವುದು ನೀನು ಹೇಳಿದ್ದರ ಮೇಲೆ. ತಪ್ಪಿದರೆ ಹೋಗುವುದು ಎಲ್ಲರ ಜೀವ. ಚಳಿಜ್ವರ ಮುಚ್ಚಿಟ್ಟು ದೋಣಿ ಹತ್ತಿದ ಒಬ್ಬನನ್ನು ಚಂದ್ರ ತಾಂಡೇಲರು ಇಡೀ ವರ್ಷ ದಂಡೆಯಲ್ಲಿ ಕೂರಿಸಿದ್ದರು. ಬೇಬಿಗೆ ಹೇಳಿದ ಮಾತೆಲ್ಲ ಜಗಲಿಯ ಮಾತು. ಈಗ ಎದುರಿಗೆ ಮಂಡಿಯೂರಿ ಉತ್ತರಕ್ಕೆ ಕಾಯುತ್ತಿದ್ದವಳು ಮಗಳಾಗಿರಲಿಲ್ಲ, ತಾಂಡೇಲಳಾಗಿದ್ದಳು.

"ಇತ್ತ್," ಎಂದರು.

"ಎಂತ?"

"ನಂಗೆ ಈಜುಕೆ ಬತ್ತಿಲ್ಲೆ."

ಲೀಲಾಧರ ದೊಡ್ಡದಾಗಿ ನಕ್ಕ. ಅವನೊಬ್ಬನೇ ನಗುತ್ತಿದ್ದಾನೆ ಎಂದು ಗೊತ್ತಾಗಿ ಅರ್ಧದಲ್ಲಿ ನಿಲ್ಲಿಸಿದ. ರಮಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಗಂಗೊಳ್ಳಿ ಅಳಿವಿ?"

"ಕ್ಯಾನ್ ಹಿಡ್ಕಂಡಿದ್ದೆ. ಸೀಮೆಎಣ್ಣಿ ಕ್ಯಾನ್."

"ನಾನ್ ಕೇಂಡಿದ್ದೆ ನಿಮ್ ಹತ್ರ. ಸಣ್ಣದಿಪ್ಪ ಹೊತ್ತಿಗೆ."

"ಹೌದ್ ಮಗಾ. ನೀನ್ ಕೇಂಡಿದ್ದೆ."

"ಹೌದ್ ಅಂದಿದ್ರಿ."

"ಅಂದಿದ್ದೆ."

ರಮಿತಾ ಅಪ್ಪನ ಎರಡೂ ಕೈಗಳನ್ನು ಅಂಚಿನಿಂದ ಬಿಡಿಸಿ, ಎಳೆದು ದೋಣಿಯ ನಡುವೆ ಕೂರಿಸಿ, ಪಟ್ಟಿಗಳನ್ನು ಬಿಚ್ಚಿದಳು. "ಲೀಲಣ್ಣ, ದೋಣಿ ತಿರ್ಗ್ಸಿ," ಎಂದಳು. ತಾನು ದೋಣಿಯ ಮುಂತುದಿಗೆ ಹೋಗಿ ದಂಡೆಯ ಕಡೆ ಮುಖ ಮಾಡಿ ನಿಂತಳು.

ಆ ಅರ್ಧ ಗಂಟೆಯಷ್ಟು ದೊಡ್ಡ ಅರ್ಧ ಗಂಟೆಯನ್ನು ತಾಂಡೇಲರು ಕಡಲಿನಲ್ಲಿ ಕಂಡಿರಲಿಲ್ಲ. ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಹೇಳಿದ್ದಕ್ಕೆ ಮನಸ್ಸು ಹಗುರವಾಗಿತ್ತು ನಿಜ, ಆದರೆ ಮಗಳ ಕಣ್ಣಿನಲ್ಲಿದ್ದ ಅಪ್ಪ ಹೋದದ್ದು ಹೋಯಿತು ಎಂಬ ದುಃಖ ಹೋಗಲಿಲ್ಲ. ಲೀಲಾಧರ ಇಂಜಿನ್ನಿನ ಮೇಲೆ ಕಣ್ಣಿಟ್ಟು, ಜನ್ಮದಲ್ಲಿ ಮೊದಲ ಬಾರಿ ಬಾಯಿ ಮುಚ್ಚಿಕೊಂಡಿದ್ದ.

ದಂಡೆಯಲ್ಲಿ ಜನ ಎದ್ದು ನಿಂತರು. "ಇಷ್ಟ್ ಬೇಗ ಬಂದ್ರ್ಯಾ? ಎಂತ ಆಯ್ತ್?" ಎಂದು ಜಲಜ ದೂರದಿಂದಲೇ ಕೂಗಿದಳು.

ರಮಿತಾ ನೀರಿಗೆ ಹಾರಿ ಹಗ್ಗ ಹಿಡಿದುಕೊಂಡಳು. "ಅಲ್ಲಿ ಗಾಳಿ ಜಾಸ್ತಿ ಇತ್ತ್," ಎಂದಳು. "ಇವತ್ತ್ ಆತಿಲ್ಲೆ."

ಎಲೆ ಅಲುಗದ ದಿನ ಅದು. ಗಾಳಿಯಂತೆ! ತಾಂಡೇಲರು ದೋಣಿಯಲ್ಲಿ ಕೂತಲ್ಲೇ ಬೆಚ್ಚಿದರು. ಮಗಳು ತನಗಾಗಿ ಸುಳ್ಳು ಹೇಳಿದ್ದಳು. ಇಷ್ಟು ನೋವಾದ ಮೇಲೂ ಊರಿನೆದುರು ಅಪ್ಪನ ಮರ್ಯಾದೆ ಉಳಿಸಲು ನೋಡಿದ್ದಳು. ಇನ್ನು ಈ ಗಾಳಿಯೂ ವರ್ಷ ತುಂಬುವಾಗ ಬಿರುಗಾಳಿಯಾಗುತ್ತದೆ, ಅದನ್ನು ಇವಳು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಅವರಿಗೆ ಅದನ್ನು ಸಹಿಸಲು ಆಗಲಿಲ್ಲ. ಎದ್ದು ನಿಂತು, ತೆರೆಗಳ ಸದ್ದಿನ ಮೇಲೆ ಬಲೆ ಎಳೆಸುವಾಗ ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದರು.

"ಗಾಳಿಯೂ ಇಲ್ಲೆ ಎಂತದೂ ಇಲ್ಲೆ! ನಂಗೆ ಈಜುಕೆ ಬತ್ತಿಲ್ಲೆ! ಆವತ್ತ್ ಅಳಿವಿಯಂಗೆ ಈಜದ್ದೂ ಅಲ್ಲ, ಕ್ಯಾನ್ ಹಿಡ್ಕಂಡ್ ತೇಲಿ ಬಂದದ್ದ್! ಎಲ್ಲರಿಗೂ ಕೇಂತಾ?"

ಎಲ್ಲರಿಗೂ ಕೇಳಿತು. ಆಮೇಲೆ ಎಲ್ಲೋ ಒಬ್ಬ ಕಿಸಕ್ಕೆಂದ, ಇನ್ನೊಬ್ಬ ಸೇರಿದ, ನೋಡುನೋಡುತ್ತಾ ಇಡೀ ದಂಡೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೇಬಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ಮೂವತ್ತು ವರ್ಷದ ಬಾಕಿ ನಗು ಅದು. ತಾಂಡೇಲರು ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಅವರ ಹಿಂದಿನಿಂದ, ಇಂಜಿನ್ನಿನ ಬದಿಯಿಂದ, ಸಣ್ಣ ದನಿಯೊಂದು ಬಂತು.

"ನಂಗೂ ಬತ್ತಿಲ್ಲೆ," ಎಂದ ಲೀಲಾಧರ.

"ಎಂತ?"

"ಈಜುಕೆ. ನಂಗೂ ಬತ್ತಿಲ್ಲೆ, ತಾಂಡೇಲ್ರೆ. ನಿಮ್ಮ್ ದೋಣಿಗೆ ಸೇರುವ ಹೊತ್ತಿಗೆ ಈಜ್ ಬತ್ತಾ ಕೇಂಡಿದ್ರಿ. ನಾಕ್ ಮೈಲಿ ಈಜದರ ಹತ್ರ ಬತ್ತಿಲ್ಲೆ ಅಂಬುದ್ ಹ್ಯಾಂಗೆ? ಬತ್ತ್ ಅಂದೆ."

ದಂಡೆಯಲ್ಲಿ ಜಿತೇಂದ್ರ ಎಂಬ ಆರಡಿ ಆಳು ಮೆಲ್ಲನೆ ಕೈ ಎತ್ತಿದ. ಅವನೂ ಹಾಗೇ ಹೇಳಿ ದೋಣಿ ಹತ್ತಿದವನಂತೆ. ಅವನ ಪಕ್ಕದವನೂ ಎತ್ತಿದ. ಒಂದೊಂದೇ ಕೈ ಮೇಲೆ ಬಂತು, ಬಲೆ ಎಳೆದು ಎಳೆದು ಗಟ್ಟಿಯಾದ ಕೈಗಳು. ಹನ್ನೊಂದು ಜನ! ತಾಂಡೇಲನಿಗೆ ಸುಳ್ಳು ಹೇಳಬಾರದು ಎಂಬ 'ಕಟ್ಟುಪಾಡು' ಇದ್ದದ್ದು ಹೀಗೆ. ಒಬ್ಬರ ಒಂದು ಸುಳ್ಳಿಗೆ ಹೆದರಿ ಹನ್ನೊಂದು ಜನ ಸುಳ್ಳು ಹೇಳಿದ್ದರು.

ಜಲಜ ಸೊಂಟಕ್ಕೆ ಕೈಕೊಟ್ಟು ಗಂಡಸರನ್ನೆಲ್ಲ ಒಂದು ಸುತ್ತು ನೋಡಿದಳು. "ಅಯ್ಯಬ್ಬ! ನಾವ್ ಹೆಂಗಸ್ರ್ ನಿಮ್ಗೆ ಈಜ್ ಬತ್ತ್ ಅಂದ್ಕಂಡ್ ಮನಿಯಂಗೆ ಆರಾಮ ನಿದ್ರಿ ಮಾಡ್ತಿತ್ತಲೆ!"

ಮತ್ತೆ ನಗು. ತಾಂಡೇಲರು ಯಾರ ಕಡೆಗೂ ನೋಡಲಿಲ್ಲ, ರಮಿತಾಳನ್ನೇ ನೋಡಿದರು. ಅವಳು ಸೊಂಟದವರೆಗಿನ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು. ತುಟಿ ಬಿಗಿ ಹಿಡಿಯಲು ನೋಡಿ ನೋಡಿ ಸೋತು, ಅವಳೂ ನಕ್ಕುಬಿಟ್ಟಳು.

"ಅಪ್ಪಯ್ಯ, ಆವತ್ತ್ ನೀವ್ ನಿಜ ಹೇಳಿದ್ರೆ ನಾನ್ ಈಜ್ ಕಲೀತಿರ್ಲಿಲ್ಲೆ. ಮನಿ ತುಂಬ ಕ್ಯಾನ್ ಜೋಡ್ಸಿ ಇಟ್ಕಂತಿದ್ದೆ!"

"ಸಿಟ್ಟ್ ಇಲ್ಯಾ?"

"ಇತ್ತ್. ರಾಶಿ ಇತ್ತ್. ಸಂಜಿಗೆ ಬೈತೆ. ಈಗಳ್ ಇಳಿನಿ ಕಾಂಬ, ಸಿಲಿಂಡರ್ ತುಂಬ ಗಾಳಿ ಹಾಂಗೇ ಇತ್ತ್." ಅವಳು ಕೈ ಚಾಚಿದಳು. "ದಂಡಿಂದ."

ಕಡಲಿಗೆ ಬೆನ್ನು ಹಾಕಬೇಕಾಗಿರಲಿಲ್ಲ, ಬೀಳಬೇಕಾಗಿರಲಿಲ್ಲ. ಬೆನ್ನಿಗೆ ಮತ್ತೆ ಸಿಲಿಂಡರ್ ಕಟ್ಟಿಸಿಕೊಂಡು, ಮಗಳ ಕೈ ಹಿಡಿದು, ಮೊಣಕಾಲು, ಸೊಂಟ, ಎದೆ ಎಂದು ಒಂದೊಂದೇ ಹೆಜ್ಜೆ ಇಟ್ಟರು. ಎದೆಯ ಮಟ್ಟಕ್ಕೆ ಬಂದಾಗ ಬೆವರಿದರೋ ಏನೋ, ನೀರಿನಲ್ಲಿ ಗೊತ್ತಾಗಲಿಲ್ಲ. ಅವಳು ಅಲ್ಲೇ ನಿಂತು ಬಾಯಲ್ಲಿ ಉಸಿರಾಡುವುದನ್ನು ಹತ್ತು ಸಲ ಮಾಡಿಸಿದಳು, ಸನ್ನೆಗಳನ್ನು ಇನ್ನೊಮ್ಮೆ ಹೇಳಿದಳು. ಬೆರಳಿನಲ್ಲಿ ಉಂಗುರ ಮಾಡಿದರೆ ಎಲ್ಲ ಸರಿ ಎಂದು, ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದು. ಆಮೇಲೆ ಇಬ್ಬರೂ ಮೆಲ್ಲಗೆ ಕೆಳಗಿಳಿದರು.

ಹಳೆಕಲ್ಲಿನ ಮೇಲೆ ಅವರು ಎಷ್ಟು ಸಾವಿರ ಸಲ ದೋಣಿ ಹಾಯಿಸಿದ್ದರೋ. ಅದರ ಅಡಿಯಲ್ಲಿ ಇಂಥದ್ದೊಂದು ಊರು ಇದೆ ಎಂದು ಗೊತ್ತೇ ಇರಲಿಲ್ಲ. ಬಂಡೆಯ ಸಂದಿಯಲ್ಲಿ ಹಳದಿ ಪಟ್ಟೆಯ ಮೀನುಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಏಡಿಯೊಂದು ಇವರನ್ನು ಕಂಡು ಬಾಗಿಲಿಗೆ ಬಂದು ನಿಂತಿತು. ಇಡೀ ಬದುಕು ಮೀನನ್ನು ಬಲೆಯಲ್ಲಿ, ಬುಟ್ಟಿಯಲ್ಲಿ, ಬಾಣಲೆಯಲ್ಲಿ ಕಂಡವರು. ತನ್ನ ಮನೆಯಲ್ಲಿ ತನ್ನ ಪಾಡಿಗಿರುವ ಮೀನನ್ನು ಕಂಡದ್ದು ಇದೇ ಮೊದಲು. ಅಂಗೈಯಗಲದ ಒಂದು ಮರಿ ಅವರ ಕನ್ನಡಕದ ತನಕ ಬಂದು, ಇವನು ಯಾರು ಎಂಬಂತೆ ನೋಡಿ ಹೋಯಿತು. ತಾಂಡೇಲರಿಗೆ ಸಂತೋಷ ತಡೆಯಲಾಗಲಿಲ್ಲ. ಭೇಷ್ ಎಂದು ಹೆಬ್ಬೆರಳು ಎತ್ತಿದರು.

ರಮಿತಾ ಕೂಡಲೇ ಅವರನ್ನು ಹಿಡಿದು ಮೇಲೆ ತಂದಳು. "ಎಂತ ಆಯ್ತ್ ಅಪ್ಪಯ್ಯ?"

"ಲಾಯ್ಕ್ ಇತ್ತ್ ಅಂದೆ ಮಾರಾಯ್ತಿ!"

ಮತ್ತೆ ಇಳಿದರು. ಐದು ನಿಮಿಷಕ್ಕೆ ಮತ್ತೆ ಹೆಬ್ಬೆರಳು. ಮತ್ತೆ ಮೇಲೆ. ಮೂರನೆಯ ಸಲಕ್ಕೆ ರಮಿತಾ ಅಪ್ಪನ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡೇ ಈಜಿದಳು. ಆ ಸಿಲಿಂಡರಿನ ಗಾಳಿ ಮುಗಿಯುವ ತನಕ ಇಬ್ಬರೂ ಕೈ ಬಿಡಲಿಲ್ಲ.

ಅಲ್ಲಿಗೆ ಪಕ್ಷಗಳ ಜಗಳವೂ ಮುಗಿಯಿತು. ರಮಿತಾ ದೋಣಿಯ ಮಾತನ್ನೇ ಸದ್ಯಕ್ಕೆ ಬದಿಗಿಟ್ಟು ದಂಡೆಯಲ್ಲಿ ಶುರುಮಾಡಿದಳು. ಬೆಳಿಗ್ಗೆ ಆರೂವರೆಗೆ, ಅತಿಥಿಗಳು ಬರುವ ಮೊದಲು, ಇನ್ನೊಂದು ಶಾಲೆ. ಹನ್ನೆರಡು ಜನ ಮೀಸೆಯ ಗಂಡಸರು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಕಾಲು ಬಡಿಯುವುದನ್ನು ಕಲಿಯುತ್ತಿದ್ದರು. ನೋಡಲು ಬಂದವರಿಗೆ ಜಲಜ ಚಾ ಕೊಟ್ಟು ಪೂರೈಸಲಾಗದೆ ಬೇಬಿಯನ್ನೂ ಕರೆದುಕೊಂಡಳು. ಲೀಲಾಧರ ಮಾತ್ರ ಹೊಸ ದೋಣಿಯನ್ನು ನೋಡುವವರಿಲ್ಲವಲ್ಲ ಎಂದು ಗೊಣಗುತ್ತಲೇ ಕಾಲು ಬಡಿಯುತ್ತಿದ್ದ.

ಎರಡು ವಾರದ ಮೇಲೆ ಸಿದ್ದಾಪುರದ ಕಡೆಯಿಂದ ಏಳೆಂಟು ಮಂದಿ ಶಿಕ್ಷಕರು ಡೈವಿಂಗಿಗೆಂದು ಬೆಳಿಗ್ಗೆಯೇ ವ್ಯಾನು ಮಾಡಿಕೊಂಡು ಬಂದರು. ರಮಿತಾ ಅವರಿಗೆ ಕಡಲು ತೋರಿಸುತ್ತಾ ಮರಳಿನಲ್ಲಿ ನಿಂತಿದ್ದಳು. ನೀರಿನಲ್ಲಿ ಉಳಿದವರೆಲ್ಲ ಹತ್ತಿ ಹೋಗಿದ್ದರು, ತಾಂಡೇಲರು ಒಬ್ಬರೇ ಇನ್ನೂ ಕೈಕಾಲು ಬಡಿಯುತ್ತಿದ್ದರು. ಒಬ್ಬ ಮೇಷ್ಟ್ರು, "ಅವರು ಯಾರು?" ಎಂದು ಕೇಳಿದರು.

ತಾಂಡೇಲರಿಗೆ ಕೇಳಿಸಿತು. ಕಾಲೂರಿ ನಿಂತು ಕಿವಿ ನಿಮಿರಿಸಿದರು. ಈ ಪ್ರಶ್ನೆಗೆ ಮಗಳು ಕೊಡುತ್ತಿದ್ದ, ಅಳಿವೆ ಈಜಿ ಬಂದ ಅಪ್ಪಯ್ಯ ಎಂಬ ಹಳೆಯ ಉತ್ತರ ಅವರಿಗೆ ಬಾಯಿಪಾಠವಾಗಿತ್ತು. ಈಗ ಏನು ಹೇಳುತ್ತಾಳೆ ಎಂದು ಕಾದರು.

"ಅದ್ ನಮ್ಮ್ ಅಪ್ಪಯ್ಯ," ಎಂದಳು ರಮಿತಾ. ಅದೇ ದನಿ. ಪ್ರಬಂಧಕ್ಕೆ ಬಹುಮಾನ ಬಂದಾಗ ಮನೆಯ ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದ ದನಿ, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. "ಅರ್ವತ್ತೊಂದ್ ವರ್ಷ. ಈಗಳ್ ಈಜ್ ಕಲೀತಿದ್ರ್. ನಿನ್ನೆ ಯಾರ್ ಸಹಾಯವೂ ಇಲ್ದೆ ಐದ್ ಮಾರ್ ದೂರ ಈಜಿದ್ರ್!"

ಮೇಷ್ಟ್ರುಗಳು ಓಹೋ ಎಂದು ಚಪ್ಪಾಳೆ ತಟ್ಟಿದರು. ತಾಂಡೇಲರ ಮುಖ ಅರಳಿತು. ಕೈ ಮೀಸೆಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ನಿಲ್ಲಿಸಿ, ಎತ್ತಿ ಬೀಸುತ್ತಾ, ದಂಡೆಗೆಲ್ಲ ಕೇಳುವ ಹಾಗೆ ಕೂಗಿದರು.

"ಮೂರೇ! ಹ್ವಾಯ್, ಮೂರೇ ಮಾರ್!"